ಮನೆಭೇಟಿ ಕಾರ್ಯಕರ್ತೆಗೆ ಮಾರ್ಗದರ್ಶನ ಮಾಡುವ ಬಗೆ

ಕುತ್ತಿಗೆ ನಿಲ್ಲುವುದು, ಕೂರುವುದು, ಮಾತು ಬರುವುದು ತಡವಾದ ಮಕ್ಕಳಿಗೆ ಎಳವೆಯಲ್ಲೇ ಸಿಗಬೇಕಾದ ಆರೈಕೆ ಬಹುಪಾಲು ನಡೆಯುವುದು ಮನೆಯಲ್ಲೇ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿವೆ. ಆದರೆ ಕೂಲಿ ಬಿಟ್ಟು ಮತ್ತೆ ಮತ್ತೆ ಜಿಲ್ಲಾ ಕೇಂದ್ರಕ್ಕೆ ಬರುವುದು ಎಲ್ಲ ತಾಯಂದಿರಿಗೂ ಆಗುವ ಮಾತಲ್ಲ. ಹಾಗಾಗಿ ಮನೆಗೆ ಹೋಗುವ ಕಾರ್ಯಕರ್ತೆ ತಾನೇ ಮಗುವಿಗೆ ವ್ಯಾಯಾಮ ಮಾಡಿಸಿ ಬಂದರೆ ಸಾಲದು. ಮನೆಯವರ ಕೈಗೆ ಅದು ಹತ್ತಬೇಕು. ಆಕೆಯ ಮೇಲ್ವಿಚಾರಕರು ಗಮನಿಸಬೇಕಾದದ್ದೂ ಇದನ್ನೇ.

ಈ ಕ್ಷೇತ್ರದಲ್ಲಿ ಹೆಸರಾದ ಅಮೆರಿಕದ ಡೇತನ್ ರಶ್ ಮತ್ತು ಮಿಲಿಸಾ ಶೆಲ್ಡನ್ ಮಾರ್ಗದರ್ಶನಕ್ಕೆ ಐದು ಅಂಗಗಳನ್ನು ಹೇಳುತ್ತಾರೆ: ಜೊತೆಗೂಡಿ ಯೋಜನೆ, ವೀಕ್ಷಣೆ, ಅಭ್ಯಾಸ, ಮರುಚಿಂತನೆ, ಹಿಮ್ಮಾಹಿತಿ. ಇವು ಇದೇ ಕ್ರಮದಲ್ಲಿ ಬರಬೇಕೆಂದೇನೂ ಇಲ್ಲ.

ಭೇಟಿಗೆ ಮುಂಚೆ ಮೇಲ್ವಿಚಾರಕರು, ಕಾರ್ಯಕರ್ತೆ ಇಬ್ಬರೂ ಸೇರಿ ಆ ದಿನ ನೋಡಬೇಕಾದ ಒಂದೇ ಒಂದು ಅಂಶವನ್ನು ಗೊತ್ತುಮಾಡಿಕೊಳ್ಳಬೇಕು. ಅದನ್ನು ಕಾರ್ಯಕರ್ತೆಯೇ ಆರಿಸಿದರೆ ಒಳ್ಳೆಯದು. ಮೇಲ್ವಿಚಾರಕರು ಬರುವ ವಿಷಯ ಮನೆಯವರಿಗೂ ಮೊದಲೇ ತಿಳಿದಿರಬೇಕು.

ಮನೆಯಲ್ಲಿ ಮೇಲ್ವಿಚಾರಕರು ಪಕ್ಕಕ್ಕೆ ಕೂತು ನೋಡಬೇಕೇ ಹೊರತು ಮಗುವನ್ನು ತಾವೇ ಎತ್ತಿಕೊಳ್ಳಬಾರದು. ಮಗುವಿಗೆ ಉಸಿರು ಕಟ್ಟಿದರೆ, ಫಿಟ್ಸ್ ಬಂದರೆ ಮಾತ್ರ ಈ ನಿಯಮ ಮುರಿಯಬಹುದು. ಟಿಪ್ಪಣಿಯಲ್ಲಿ ಕಂಡದ್ದು, ಕೇಳಿದ್ದು ಇರಲಿ, ತೀರ್ಪು ಬೇಡ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ತಾಯಿ ರಾಗಿ ಗಂಜಿ ತಿನ್ನಿಸುತ್ತಿದ್ದಾಳೆ ಎನ್ನೋಣ. ಮಗುವಿನ ತಲೆ ಹಿಂದಕ್ಕೆ ವಾಲುತ್ತದೆ. ಕಾರ್ಯಕರ್ತೆ ತಟ್ಟನೆ ಚಮಚ ಕಸಿದುಕೊಂಡು ತಾನೇ ತಿನ್ನಿಸಿ ತೋರಿಸುತ್ತಾಳೆ. ಮಗು ಉಂಡಿತು, ಆದರೆ ತಾಯಿ ಕಲಿಯಲಿಲ್ಲ. ಇದಕ್ಕೆ ‘ಅವಸರದ ಸ್ವಭಾವ’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ‘ಎರಡನೇ ತುತ್ತಿಗೇ ಚಮಚ ಕೈಬದಲಾಯಿತು’ ಎಂದು ಬರೆದರೆ ಮಾತಾಡಲು ವಿಷಯ ಸಿಗುತ್ತದೆ.

ಮಾತುಕತೆ ಅದೇ ದಿನ, ಮನೆಯಿಂದ ಹೊರಬಂದ ಮೇಲೆ ನಡೆಯಬೇಕು. ತಾಯಿಯ ಎದುರಿಗೆ ತಿದ್ದಿದರೆ ಆ ಮನೆಯಲ್ಲಿ ಕಾರ್ಯಕರ್ತೆಯ ಮಾತಿಗೆ ಬೆಲೆ ಉಳಿಯುವುದಿಲ್ಲ. ಮೊದಲ ಮಾತು ಆಕೆಯದೇ ಆಗಲಿ: “ಇವತ್ತು ಯಾವುದು ಸರಿಹೋಯ್ತು ಅನ್ನಿಸ್ತು?” ಉತ್ತರ ತಡವಾದರೆ ಕಾಯಬೇಕು. ಬಹಳಷ್ಟು ಸಲ ಚಮಚದ ವಿಷಯವನ್ನು ಆಕೆಯೇ ಎತ್ತುತ್ತಾಳೆ.

ಬರೀ ‘ಚೆನ್ನಾಗಿ ಮಾಡಿದಿರಿ’ ಎಂಬುದು ಹಿಮ್ಮಾಹಿತಿಯಲ್ಲ, ಉಪಚಾರ. “ಬೆನ್ನಿಗೆ ದಿಂಬು ಕೊಟ್ಟು ಕೂರಿಸೋದನ್ನ ಅಮ್ಮನ ಕೈಯಿಂದಲೇ ಮಾಡಿಸಿದಿರಿ, ತಲೆ ನೇರವಾಗಿ ನಿಂತಿತು” ಎಂದರೆ ಮುಂದಿನ ಭೇಟಿಯಲ್ಲೂ ಅದು ನಡೆಯುತ್ತದೆ. ಬದಲಾಗಬೇಕಾದದ್ದನ್ನು ಒಂದಕ್ಕಿಂತ ಹೆಚ್ಚು ಹೇಳಬಾರದು. ಬಳಿಕ ಒಬ್ಬರು ತಾಯಿಯಾಗಿ, ಸುತ್ತಿದ ಟವೆಲ್ಲೇ ಮಗುವಾಗಿ ಆ ಭಾಗವನ್ನು ಆಡಿ ನೋಡಬೇಕು: ಕೈ ಹಿಡಿಯದೆ ಬಾಯಿಮಾತಿನಲ್ಲಿ ದಾರಿ ತೋರುವುದು ಹೇಗೆ, ತಾಯಿ ಅಂಜಿದರೆ ಏನು ಹೇಳುವುದು ಎಂದು.

ಈ ಟಿಪ್ಪಣಿಗಳನ್ನು ಹಾಜರಿ, ಗೌರವಧನದ ಲೆಕ್ಕದೊಂದಿಗೆ ಬೆರೆಸಬಾರದು. ಬೆರೆತರೆ ಕಾರ್ಯಕರ್ತೆ ತೊಡಕುಗಳನ್ನು ಮುಚ್ಚಿಡತೊಡಗುತ್ತಾಳೆ. ಮೊಬೈಲಿನಲ್ಲಿ ವಿಡಿಯೊ ಮಾಡುವುದಾದರೆ ಮನೆಯವರ ಒಪ್ಪಿಗೆ ಬೇಕು, ನೋಡಿದ ಮೇಲೆ ಅಳಿಸಬೇಕು. ಮಗು ಉಣ್ಣುವಾಗ ಪದೇಪದೇ ಕೆಮ್ಮುತ್ತಿದ್ದರೆ ಮಾತ್ರ ಅದು ಮಾರ್ಗದರ್ಶನದಲ್ಲಿ ತೀರುವ ವಿಷಯವಲ್ಲ. ತಡಮಾಡದೆ ಜಿಲ್ಲಾ ಕೇಂದ್ರಕ್ಕೆ ಕಳುಹಿಸಬೇಕು.