ಬೆಟ್ಟ ಹತ್ತೋ ಕಾಲು

"ಪಾಸ್ಟರ್, 40 ಆತು, ಇನ್ನೇನೈತಿ?" ಅಂತ ಹಾವೇರಿ, ರಾಣೆಬೆನ್ನೂರಿನಲ್ಲಿ ನನ್ನನ್ನ ಕೇಳೋರಿದ್ದಾರೆ. ಬ್ಯಾಡಗಿ ಮಾರುಕಟ್ಟೆ ನೋಡಿ ಅಂತೀನಿ. ಅಲ್ಲಿ ಹೆಸರು ಮಾಡಿರೋದು ಹಸಿ ಕಾಯಿ ಅಲ್ಲ, ದಿನಾ ಬಿಸಿಲಲ್ಲಿ ಹರವಿ, ಕೈಯಾಡಿಸಿ ಒಣಗಿಸಿದ ಸುಕ್ಕು ಮೆಣಸಿನಕಾಯಿ. ಖಾರ ಕಡಿಮೆ, ಬಣ್ಣ ಜಾಸ್ತಿ!

ಕಾಲೇಬನು ಕಾನಾನ್ ದೇಶವನ್ನು ನೋಡಿಬರಲು ಹೋದಾಗ ವಯಸ್ಸು 40. ಹೆಬ್ರೋನಿನ ಬೆಟ್ಟಸೀಮೆಯನ್ನು ಕೇಳಿದಾಗ 85. ನಡುವೆ ಮರುಭೂಮಿ. ಅಲ್ಲಿ ಸಬ್ಬತ್ ಬಿಟ್ಟರೆ ದಿನಾ ಮುಂಜಾನೆ ಎದ್ದು ಮನ್ನ ಕೂಡಿಸಬೇಕು. ಬಿಸಿಲೇರಿದರೆ ಅದು ಕರಗಿಹೋಗುತ್ತೆ. ಆ ವರ್ಷಗಳನ್ನ ವ್ಯರ್ಥ ಅನ್ನೋಕೆ ನಾನು ಒಪ್ಪಲ್ಲ.

ಹತ್ತು ತೀರ್ಮಾನ ಬೇಡ, ಅವನ್ನ ಹೊಸ ವರ್ಷದ ಆರಾಧನೆಯಲ್ಲೇ ಮಾಡಿ ಆಗಿದೆ. ಈ ವಾರ ಮೊಬೈಲ್ ಮುಟ್ಟೋ ಮೊದಲು 15 ನಿಮಿಷ ವಾಕ್ಯ ಓದಿ. ಸಂಜೆ ಸ್ವಲ್ಪ ನಡೀರಿ. 85ರಲ್ಲೂ ಕಾಲೇಬನಿಗೆ ಬೆಟ್ಟ ಹತ್ತೋ ಕಾಲಿತ್ತು.