ಪಾಸ್ಟರ್ ಬರದ ಭಾನುವಾರ ಸಭೆ ಯಾರದು?

ಪ್ರಶ್ನೆ: ಟೇಕಲ್ ಹತ್ತಿರದ ಹಳ್ಳಿಯವನು ನಾನು. ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಬರುವುದು ರಾತ್ರಿ. ನಮ್ಮದು ಹದಿನೈದು ಮನೆಗಳ ಮೆಥೊಡಿಸ್ಟ್ ಸಭೆ. ಪಾಸ್ಟರ್ ಅಯ್ಯನವರು ಬೇರೆ ಊರುಗಳನ್ನೂ ನೋಡಿಕೊಳ್ಳಬೇಕಾದ್ದರಿಂದ ಎರಡು ವಾರಕ್ಕೊಮ್ಮೆ ಬರುತ್ತಾರೆ. ಅವರಿಲ್ಲದ ಭಾನುವಾರ ದೇವಾಲಯದ ಬಾಗಿಲೇ ತೆರೆಯುವುದಿಲ್ಲ. ನಾನು ಓದಿದ್ದು ಏಳನೇ ಕ್ಲಾಸು. ನನ್ನಂಥವನಿಂದ ಏನಾದೀತು?

ಉತ್ತರ: ಬಾಗಿಲು ತೆರೆಯುವುದು ಆದೀತು, ಸಹೋದರರೇ. ಅಯ್ಯನವರ ಹತ್ತಿರ ಮಾತಾಡಿ ಬೀಗದ ಕೈ ಪಡೆದುಕೊಳ್ಳಿ. ದೀಕ್ಷಾಸ್ನಾನ, ಕರ್ತನ ಭೋಜನ ಅವರ ಕೈಯಲ್ಲೇ ಇರಲಿ. ಹಾಡಲು, ಪ್ರಾರ್ಥಿಸಲು, ವೇದಭಾಗ ಓದಲು ಅವರ ಒಪ್ಪಿಗೆ ಇದ್ದರೆ ಸಾಕು.

ನಿಮ್ಮ ಮೆಥೊಡಿಸ್ಟ್ ಪರಂಪರೆ ಬೆಳೆದದ್ದೇ ನಿಮ್ಮಂಥವರಿಂದ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ವೆಸ್ಲಿಯವರ ಕೂಟದ ಕಟ್ಟಡಕ್ಕೆ ಸಾಲವಾಗಿತ್ತು. ಎಲ್ಲರೂ ವಾರಕ್ಕೊಂದು ಪೆನ್ನಿ ಕೊಡೋಣ ಎಂದರು ಕ್ಯಾಪ್ಟನ್ ಫಾಯ್ ಎಂಬ ಸದಸ್ಯರು. ಬಡವರು ಅಷ್ಟು ಎಲ್ಲಿಂದ ತಂದಾರು ಎಂದು ಯಾರೋ ಕೇಳಿದರು. ಹಾಗಾದರೆ ತೀರ ಬಡವರಾದ ಹನ್ನೊಂದು ಮಂದಿಯನ್ನು ನನಗೆ ಬಿಡಿ, ಅವರಿಗೆ ಆಗದಿದ್ದರೆ ಅವರ ಪಾಲನ್ನೂ ನಾನೇ ಕೊಡುತ್ತೇನೆ ಎಂದರು ಫಾಯ್. ಹೀಗೆ ಪೆನ್ನಿ ಕೇಳಲು ವಾರವಾರ ಮನೆಮನೆಗೆ ಹೋದವರಿಗೆ ಅಲ್ಲಿನ ಜಗಳ, ಕುಡಿತ, ಸಂಕಟ ಎಲ್ಲವೂ ಕಣ್ಣಿಗೆ ಬಿದ್ದವು. ಹತ್ತು ಹನ್ನೆರಡು ಜನರಿಗೆ ಒಬ್ಬ ಮುಖಂಡ ಎಂಬ ‘ಕ್ಲಾಸ್’ ಪದ್ಧತಿ ಹುಟ್ಟಿದ್ದು ಅಲ್ಲಿಂದ. ಆ ಮುಖಂಡರು ಪಾದ್ರಿಗಳಾಗಿರಲಿಲ್ಲ, ದುಡಿದು ಉಣ್ಣುವ ಸಾಮಾನ್ಯ ವಿಶ್ವಾಸಿಗಳು. ಸಾಲ ತೀರಿಸುವ ಉಪಾಯವಾಗಿ ಶುರುವಾದದ್ದು ಲಕ್ಷಾಂತರ ಜನರನ್ನು ನೋಡಿಕೊಳ್ಳುವ ಏರ್ಪಾಡಾಯಿತು. ನನಗೆ ಸಭೆಯ ಇತಿಹಾಸದಲ್ಲಿ ಇದಕ್ಕಿಂತ ಪ್ರಿಯವಾದ ಘಟನೆ ಬೇರೆ ಇಲ್ಲ.

ಓದಿನ ಚಿಂತೆ ಬೇಡ. ಅಕ್ವಿಲ, ಪ್ರಿಸ್ಕಿಲ್ಲ ದಂಪತಿಗಳದು ಗುಡಾರ ಮಾಡುವ ಕಸುಬು. ಮಹಾ ವಾಗ್ಮಿ ಅಪೊಲ್ಲೋಸನನ್ನು ಮನೆಗೆ ಕರೆದು ದೇವರ ಮಾರ್ಗವನ್ನು ಇನ್ನಷ್ಟು ಸರಿಯಾಗಿ ತಿಳಿಸಿಕೊಟ್ಟವರು ಅವರೇ. ನಿಮ್ಮ ಹದಿನೈದು ಮನೆಗಳನ್ನು ಮೂವರು ಹಂಚಿಕೊಳ್ಳಿ. ತಲೆಗೆ ಐದು ಮನೆ. ವಾರದಲ್ಲಿ ಒಂದು ಸಂಜೆ ಹೋಗಿ ಕುಳಿತು, ಹೇಗಿದ್ದೀರಿ ಎಂದು ಕೇಳಿ, ಪ್ರಾರ್ಥಿಸಿ ಬನ್ನಿ. ಕಂಡದ್ದನ್ನು ಊರೆಲ್ಲ ಹೇಳಬೇಡಿ. ಮೈಕು, ಪ್ರಸಂಗ ಇವೆಲ್ಲ ಆಮೇಲಿನ ಮಾತು. ಸೇವೆ ಎಂದರೆ ಪ್ರಸಂಗ ಎಂದುಕೊಂಡವರು ಮೊದಲ ದಿನವೇ ಪುಲ್ಪಿಟ್ ಹತ್ತಿ ಸಭೆಗಳನ್ನು ಒಡೆದಿದ್ದಾರೆ.

ಪ್ರಶ್ನೆ: ನಮ್ಮ ಸ್ತ್ರೀ ಸಮಾಜದವರು ದೇವಾಲಯ ಗುಡಿಸುತ್ತೇವೆ, ಸುಗ್ಗಿ ಹಬ್ಬಕ್ಕೆ ಅಡುಗೆ ಮಾಡುತ್ತೇವೆ. ಇದೂ ಸೇವೆಯೇ? (ಮಾಲೂರಿನ ಓದುಗರು)

ಉತ್ತರ: ಖಂಡಿತ ಸೇವೆಯೇ. ಆದರೆ ಸಹೋದರಿ, ಹೆಂಗಸರಿಗೆ ಅಷ್ಟೇ ಕೆಲಸ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಯೊಪ್ಪದಲ್ಲಿ ತಬಿಥಾ ವಿಧವೆಯರಿಗೆ ಬಟ್ಟೆ ಹೊಲಿದುಕೊಟ್ಟಳು. ಕೆಂಖ್ರೆಯ ಫೊಯಿಬೆಯನ್ನು ಪೌಲ ಸಭೆಯ ಸೇವಕಿ ಎಂದೇ ಪರಿಚಯಿಸಿದ.

ನಮ್ಮ ಜಿಲ್ಲೆಯನ್ನೇ ನೋಡಿ. 1876–78ರ ದೊಡ್ಡ ಬರದಲ್ಲಿ ದಿಕ್ಕಿಲ್ಲದ ಮಕ್ಕಳನ್ನು ಕೋಲಾರದಲ್ಲಿ ಸಾಕಿದವರು ಲೂಯಿಸಾ ಆನ್‌ಸ್ಟೆ ಎಂಬ ಒಬ್ಬ ಹೆಣ್ಣುಮಗಳು. 1890ರಲ್ಲಿ ಆ ಕೆಲಸ ಮೆಥೊಡಿಸ್ಟರ ಕೈಗೆ ಬಂತು. ಮುಂದೆ ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆಯನ್ನು ಬೆಳೆಸಿದ್ದು 1869ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಹುಟ್ಟಿದ ಮೆಥೊಡಿಸ್ಟ್ ಮಹಿಳಾ ಮಿಷನ್ ಸಂಘ. ವಾರಕ್ಕೆ ಎರಡು ಸೆಂಟು, ಜೊತೆಗೆ ಒಂದು ಪ್ರಾರ್ಥನೆ: ಆ ಸಂಘದ ಗೃಹಿಣಿಯರ ಚಂದಾ ಇಷ್ಟೇ ಆಗಿತ್ತು. ನೀವೂ ವಾರಕ್ಕೆ ಹತ್ತು ರೂಪಾಯಿ ಎತ್ತಿ, ಲೆಕ್ಕ ಬರೆದು, ಪ್ರತಿ ತಿಂಗಳು ಸಭೆಯ ಮುಂದೆ ಓದಿ. ಯಾವ ಮಗುವಿನ ಫೀಸಿಗೆ, ಯಾವ ಅಜ್ಜಿಯ ಔಷಧಿಗೆ ಎಂದು ನೀವೇ ತೀರ್ಮಾನಿಸಿ. ಸಭಾ ಕಮಿಟಿಯಲ್ಲಿಯೂ ಕೂರಿ.

ಪ್ರಶ್ನೆ: ಟೇಕಲ್ ಸುತ್ತ ಕಲ್ಲು ಕೆಲಸದವರು ಬಹಳ. ಕೆಮ್ಮು, ಕ್ಷಯ ಅಂತ ಮಲಗಿದವರ ಮನೆಗೆ ಅಕ್ಕಿ ಬೇಳೆ ಕೊಡಲು ಹೋದರೆ ಮತಾಂತರಕ್ಕೆ ಬಂದರು ಅನ್ನುತ್ತಾರೆ. ಸುಮ್ಮನಿದ್ದುಬಿಡಬೇಕೇ?

ಉತ್ತರ: ಸುಮ್ಮನಿರಬೇಡಿ. ಆದರೆ ಅಕ್ಕಿ ಚೀಲದ ಜೊತೆ ಕರಪತ್ರ ಒಯ್ಯಬೇಡಿ. ಸಮಾರ್ಯದವನು ಗಾಯಗೊಂಡವನನ್ನು ಛತ್ರಕ್ಕೆ ಒಯ್ದು, ಅವನ ಖರ್ಚಿಗೆ ಎರಡು ನಾಣ್ಯ ಕೊಟ್ಟು ಹೊರಟ. ನಮ್ಮ ದೇವರಿಗೆ ಬರುತ್ತೀಯಾ ಎಂದು ಕೇಳಲಿಲ್ಲ. ರೋಗಿ ಪ್ರಾರ್ಥನೆಗೆ ಬರಲಿಲ್ಲವೆಂದು ನಿಲ್ಲುವ ಸಹಾಯ ವ್ಯಾಪಾರ, ಅದಕ್ಕೆ ಯೇಸುವಿನ ಹೆಸರು ಹಚ್ಚಬಾರದು.

ಕಲ್ಲಿನ ದೂಳು ಶ್ವಾಸಕೋಶವನ್ನು ಕೆಡಿಸುತ್ತದೆ. ಹಾಗೆ ಕೆಟ್ಟ ಶ್ವಾಸಕೋಶಕ್ಕೆ ಕ್ಷಯ ಬೇಗ ತಗಲುತ್ತದೆ. ಸಾಮಾನ್ಯ ಕ್ಷಯಕ್ಕೂ ಆರು ತಿಂಗಳು ಮಾತ್ರೆ ನುಂಗಬೇಕು. ಸರ್ಕಾರ ಮಾತ್ರೆಯನ್ನು ಪುಕ್ಕಟೆ ಕೊಡುತ್ತದೆ, ಆಹಾರಕ್ಕೆಂದು 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿಯನ್ನೂ ಕೊಡುತ್ತಿದೆ. ಆದರೆ ದುಡಿಯುವವನೇ ಮಲಗಿದ ಮನೆಗೆ ಅದು ಎಲ್ಲಿ ಸಾಲುತ್ತದೆ? 2022ರಲ್ಲಿ ಶುರುವಾದ ‘ನಿ-ಕ್ಷಯ್ ಮಿತ್ರ’ ಯೋಜನೆಯಲ್ಲಿ ವ್ಯಕ್ತಿಯಾಗಲಿ, ಸಂಘವಾಗಲಿ ಹೆಸರು ನೋಂದಾಯಿಸಿ, ಒಪ್ಪಿದ ರೋಗಿಗೆ ಕನಿಷ್ಠ ಆರು ತಿಂಗಳು ಆಹಾರದ ಕಿಟ್ ಕೊಡಬಹುದು. ಎಲ್ಲವೂ ಆಸ್ಪತ್ರೆಯ ಮೂಲಕ, ಆಶಾ ಕಾರ್ಯಕರ್ತೆಗೆ ಗೊತ್ತಿದ್ದೇ ನಡೆಯುತ್ತದೆ, ಅನುಮಾನಕ್ಕೆ ಎಡೆ ಕಡಿಮೆ. ಊರಿನ ಗುಡಿಯ ಹಿರಿಯರನ್ನೂ ಮಸೀದಿಯವರನ್ನೂ ಜೊತೆಗೆ ಕರೆಯಿರಿ. ಹೆಸರು ಅವರಿಗೇ ಬರಲಿ, ನಷ್ಟವಿಲ್ಲ. ನಡುವೆ ಕೈಬಿಟ್ಟರೆ ಮಾತ್ರ ರೋಗಿಗೆ ನಷ್ಟ, ಆದ್ದರಿಂದ ಹತ್ತು ಜನಕ್ಕೆ ಮಾತು ಕೊಡುವುದಕ್ಕಿಂತ ಒಬ್ಬರಿಗೆ ಆರು ತಿಂಗಳು ಪೂರ್ತಿ ಕೊಡಿ. ಈ ವಾರವೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಕ್ಷಯ ವಿಭಾಗದಲ್ಲಿ ವಿಚಾರಿಸಿ.