ತಿಂಗಳ ಕಂತು, ವರ್ಷದ ಬೆಳೆ

ಮಾರುತಿ ಸ್ವಿಫ್ಟ್ ನಮ್ಮ ದೇಶದಲ್ಲಿ ರಸ್ತೆಗಿಳಿದದ್ದು 2005ರಲ್ಲಿ. ಆಮೇಲೆ 2011, 2018, 2024ರಲ್ಲಿ ಹೊಸ ಅವತಾರಗಳು ಬಂದವು. ಚನ್ನಗಿರಿ ಬಸ್ ನಿಲ್ದಾಣದ ಎದುರು ಸ್ವಲ್ಪ ಹೊತ್ತು ನಿಂತರೆ ನಾಲ್ಕೂ ತಲೆಮಾರು ಕಣ್ಣಿಗೆ ಬೀಳುತ್ತವೆ. ಇಂಥ ಕಾರು ಇಟ್ಟುಕೊಂಡವರು ಬದಲಿಸುವಾಗ ಮತ್ತೆ ಅದನ್ನೇ ಕೊಳ್ಳುವುದು ಹೆಚ್ಚು. ಓಡಿಸಿ ರೂಢಿ, ಮೆಕ್ಯಾನಿಕ್‌ಗೂ ಗೊತ್ತು, ಮಾರಿದರೆ ಗಿರಾಕಿಯೂ ಸಿಗುತ್ತಾನೆ. ಗೊತ್ತಿರುವ ಕಾರು ಎಂಬ ಧೈರ್ಯಕ್ಕೆ ಲೆಕ್ಕ ಮಾತ್ರ ಹಿಂದೆ ಬೀಳುತ್ತದೆ.

ನನ್ನದು 2013ರ ಡೀಸೆಲ್ ಸ್ವಿಫ್ಟ್. 2020ರ ಏಪ್ರಿಲ್‌ನಲ್ಲಿ ಬಿಎಸ್‌-6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರು ಮಾಡುವುದನ್ನೇ ಬಿಟ್ಟಿತು. ಹಾಗಾಗಿ ಅದೇ ಕಾರಿನ ಹೊಸ ರೂಪ ಬೇಕೆಂದರೆ ಪೆಟ್ರೋಲಿಗೆ ಬರಲೇಬೇಕು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ, ಸೆಸ್ ಸೇರಿ ಶೇ 29 ಇದ್ದದ್ದು ಶೇ 18ಕ್ಕೆ ಇಳಿಯಿತು. ಅಡಿಕೆ ಕೊಯ್ಲಿನ ಹೊತ್ತಿಗೇ ಬಂದ ಸುದ್ದಿ. ಊರಲ್ಲಿ ನಾಲ್ಕು ಜನ ಸೇರಿದಲ್ಲೆಲ್ಲ ಅದೇ ಮಾತು. ನಾನೂ ಶೋರೂಂ ಮೆಟ್ಟಿಲು ಹತ್ತಿದೆ.

ಅಲ್ಲಿ ಮೊದಲು ತಿಳಿದದ್ದು, ಹೊಸ ಕಾರು ಅಗ್ಗವಾದರೆ ಹಳೆಯದೂ ಅಗ್ಗವಾಗುತ್ತದೆ ಎಂಬುದು. ತೆರಿಗೆ ಇಳಿದ ಖುಷಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ನನ್ನ ಗಾಡಿಗೆ ಎಕ್ಸ್‌ಚೇಂಜ್‌ನಲ್ಲಿ ಎರಡೂವರೆ ಲಕ್ಷ ಎಂದರು. ಹೊನ್ನಾಳಿ ಕಡೆಯ ಒಬ್ಬರು ನೇರವಾಗಿ ಮೂರು ಲಕ್ಷ ಕೊಟ್ಟರು. ಆ ಐವತ್ತು ಸಾವಿರಕ್ಕಾಗಿ ಮಾಡಬೇಕಾದ ಕೆಲಸ ಒಂದೇ: ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ, ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಬೆನ್ನು ಬೀಳುವುದು. ಗಾಡಿ ಕೊಟ್ಟು ದುಡ್ಡು ಎಣಿಸಿಕೊಂಡರೆ ಮುಗಿಯಲಿಲ್ಲ. ಅಪಘಾತವಾದರೆ ದಾಖಲೆಯಲ್ಲಿರುವ ಮಾಲೀಕನೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ.

ಎರಡನೆಯದು ರಸ್ತೆ ತೆರಿಗೆ. ನಮ್ಮ ರಾಜ್ಯದಲ್ಲಿ ಐದರಿಂದ ಹತ್ತು ಲಕ್ಷದೊಳಗಿನ ಕಾರಿಗೆ ಆಜೀವ ತೆರಿಗೆ ಶೇ 14, ಅದರ ಮೇಲೆ ಸೆಸ್. ಏಳು ಲಕ್ಷದ ಕಾರಿಗೆ ಇದೊಂದೇ ಲಕ್ಷ ದಾಟುತ್ತದೆ. ಹಳೆಯ ಕಾರಿಗೆ ಕಟ್ಟಿದ ಆಜೀವ ತೆರಿಗೆ ಆ ಕಾರಿನ ಜೊತೆಗೇ ಹೋಗುತ್ತದೆ. ನಮ್ಮ ಜೊತೆ ಬರುವುದು ವಿಮೆಯ ನೋ ಕ್ಲೇಮ್ ಬೋನಸ್ ಒಂದೇ, ಏಕೆಂದರೆ ಅದು ಮಾಲೀಕನ ಸ್ವತ್ತು. ಸತತ ಐದು ವರ್ಷ ಕ್ಲೇಮ್ ಮಾಡದಿದ್ದರೆ ಸ್ವಂತ ಹಾನಿ ಪ್ರೀಮಿಯಂನಲ್ಲಿ ಅರ್ಧ ಉಳಿಯುತ್ತದೆ. ಕಾರು ಮಾರಿದ ಮೇಲೆ ವಿಮಾ ಕಂಪನಿಯಿಂದ ಪತ್ರ ಬರೆಸಿಕೊಂಡರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಹಚ್ಚಬಹುದು. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.

ಇನ್ನು ಮೈಲೇಜು. ಹೊಸ ಎಂಜಿನ್ ಹೆಚ್ಚು ಓಡುತ್ತದೆ ಎಂಬ ಜಾಹೀರಾತು ಹಳೆಯ ಪೆಟ್ರೋಲ್ ಗಾಡಿಯವರಿಗೆ ಸರಿ. ನನ್ನ ಕೈಯಲ್ಲಿ ಹಳೆಯ ಡೀಸೆಲ್ಲೂ ಹೊಸ ಪೆಟ್ರೋಲೂ ಲೀಟರಿಗೆ ಇಪ್ಪತ್ತರ ಆಸುಪಾಸು. ಪೆಟ್ರೋಲಿಗೆ ಲೀಟರಿಗೆ ಸುಮಾರು ಹನ್ನೆರಡು ರೂಪಾಯಿ ಜಾಸ್ತಿ. ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಓಡಿಸಿದರೆ ಹೊಸ ಕಾರಿಗೆ ಆರು ಸಾವಿರ ಹೆಚ್ಚೇ ಸುಡುತ್ತದೆ. ನಾನು ಬದಲಿಸಿದ್ದು ಉಳಿತಾಯಕ್ಕಲ್ಲ. ಅಮ್ಮನನ್ನು ಆಗಾಗ ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. 2024ರ ಸ್ವಿಫ್ಟ್‌ನಲ್ಲಿ ಎಲ್ಲ ಮಾದರಿಗೂ ಆರು ಏರ್‌ಬ್ಯಾಗ್ ಇವೆ. ಅದಕ್ಕೆ ಬೆಲೆ ಕೊಡುತ್ತಿದ್ದೇನೆ ಎಂದು ಗೊತ್ತಿದ್ದೇ ಕೊಟ್ಟೆ.

ಆನ್‌ರೋಡ್ ಎಂಟೂವರೆ ಲಕ್ಷ. ಹಳೆಯದರ ಮೂರು ಲಕ್ಷ, ಕೈಯಿಂದ ಐವತ್ತು ಸಾವಿರ, ಉಳಿದ ಐದು ಲಕ್ಷ ಸಾಲ. ‘ಸರ್, ಏಳು ವರ್ಷ ಮಾಡ್ಕೊಳ್ಳಿ, ತಿಂಗಳಿಗೆ ಬರೀ ಎಂಟು ಸಾವಿರ’ ಎಂದ ಶೋರೂಂ ಹುಡುಗ. ಶೇ 9ರ ಬಡ್ಡಿಗೆ ಏಳು ವರ್ಷದ ಕಂತು 8,045 ರೂಪಾಯಿ, ಐದು ವರ್ಷದ್ದು 10,379. ಮೊದಲನೆಯದರಲ್ಲಿ ಬಡ್ಡಿಯೇ ಸುಮಾರು 1.76 ಲಕ್ಷ, ಎರಡನೆಯದರಲ್ಲಿ 1.23 ಲಕ್ಷ. ನಾನು ಐದು ವರ್ಷಕ್ಕೆ ಸಹಿ ಹಾಕಿದೆ.

ಆದರೆ ಈ ‘ತಿಂಗಳಿಗೆ’ ಎಂಬ ಮಾತು ತಿಂಗಳ ಸಂಬಳದವರದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಬಹುತೇಕರಿಗೆ ದುಡ್ಡು ಬರುವುದು ಬೆಳೆಯ ಜೊತೆ, ವರ್ಷಕ್ಕೊಮ್ಮೆ, ಹೆಚ್ಚೆಂದರೆ ಎರಡು ಸಲ. ಆದ್ದರಿಂದ ಕಂತನ್ನು ಬೆಳೆಯಲ್ಲೇ ಅಳೆಯಬೇಕು. ನನ್ನ ವರ್ಷದ ಕಂತು 1,24,548 ರೂಪಾಯಿ. ಚನ್ನಗಿರಿಯ ನನಗೆ, ರಾಶಿ ಅಡಿಕೆ ಕ್ವಿಂಟಲ್‌ಗೆ ಐವತ್ತು ಸಾವಿರ ಎಂದು ಹಿಡಿದರೆ, ಅದು ಎರಡೂವರೆ ಕ್ವಿಂಟಲ್. ಹೊನ್ನಾಳಿ, ನ್ಯಾಮತಿ ಕಡೆಯ ಭತ್ತದವರಿಗೆ 2025–26ರ ಬೆಂಬಲ ಬೆಲೆ 2,369ರಂತೆ ಐವತ್ತೆರಡೂವರೆ ಕ್ವಿಂಟಲ್. ಜಗಳೂರಿನ ಮೆಕ್ಕೆಜೋಳದವರಿಗೆ 2,400ರ ಬೆಂಬಲ ಬೆಲೆಯಲ್ಲಿ ಐವತ್ತೆರಡು ಕ್ವಿಂಟಲ್. 2025ರ ಕೊನೆಗೆ ಮೆಕ್ಕೆಜೋಳದ ಪೇಟೆ ಬೆಲೆ ಬೆಂಬಲ ಬೆಲೆಗಿಂತ ಕೆಳಗೆ ಕುಸಿದು ರೈತರು ಬೀದಿಗಿಳಿದದ್ದನ್ನು ನೋಡಿದ್ದೇವೆ. 1,800ಕ್ಕೆ ಮಾರಿದರೆ ಅದೇ ಕಂತಿಗೆ 69 ಕ್ವಿಂಟಲ್ ಬೇಕು. ಶೋರೂಂನಲ್ಲಿ ಕಾರಿಗೆ ಒಂದೇ ಬೆಲೆ. ಹೊಲಕ್ಕೆ ಬಂದರೆ ಒಂದೊಂದು ತಾಲ್ಲೂಕಿಗೂ ಒಂದೊಂದು ಬೆಲೆ.

ಜಗಳೂರಿನಲ್ಲಿರುವ ನನ್ನ ಭಾವನಿಗೂ ಸ್ವಿಫ್ಟ್ ಇದೆ, 2014ರದು. ನನ್ನ ಹೊಸ ಗಾಡಿ ನೋಡಿ ಅವರಿಗೂ ಮನಸ್ಸಾಯಿತು. ಕ್ವಿಂಟಲ್ ಲೆಕ್ಕ ಹಾಕಿ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸಸ್ಪೆನ್ಷನ್ ಮಾಡಿಸಿ ನಾಲ್ಕು ಟೈರ್ ಹಾಕಿಸ್ತೀನಿ ಬಿಡು, ಇನ್ನೆರಡು ಬೆಳೆ ಎಳೀತದೆ’ ಎಂದರು. ನೋಂದಣಿಯ ಹದಿನೈದು ವರ್ಷ ಮುಗಿಯಲು ಅವರಿಗೆ 2029ರವರೆಗೆ ಸಮಯವಿದೆ. ಅಷ್ಟರಲ್ಲಿ ಕಂತಿನ ಬದಲು ವರ್ಷಕ್ಕೆ ಐವತ್ತು ಸಾವಿರ ಠೇವಣಿ ಇಟ್ಟರೂ ಸಾಲದ ಭಾರ ಅಷ್ಟು ಇಳಿಯುತ್ತದೆ.

ಹೊಸ ಮಾದರಿಗೆ ಹೋಗುವ ಮುನ್ನ ನಾನು ಹೇಳುವುದು ಇಷ್ಟೇ. ನಿಮ್ಮ ಬೆಳೆಗೆ ಕಳೆದ ಐದು ವರ್ಷದಲ್ಲಿ ಸಿಕ್ಕ ಅತಿ ಕಡಿಮೆ ಬೆಲೆಯನ್ನು ತೆಗೆದುಕೊಂಡು ವರ್ಷದ ಕಂತನ್ನು ಭಾಗಿಸಿ. ಬಂದ ಕ್ವಿಂಟಲ್‌ಗಳನ್ನು ತೆಗೆದಿಟ್ಟ ಮೇಲೂ ಮನೆ ಖರ್ಚು, ಗೊಬ್ಬರ, ಮಕ್ಕಳ ಫೀಸು ನಡೆಯುವುದಾದರೆ ಧಾರಾಳವಾಗಿ ಕೊಳ್ಳಿ. ನಡೆಯದಿದ್ದರೆ ಹಳೆಯ ಕಾರಿಗೆ ಸರ್ವಿಸ್ ಮಾಡಿಸಿ. ಮುಂದಿನ ಅವತಾರ ಹೇಗೂ ಬರುತ್ತದೆ.